ದಂತ ಪ್ರವಾಸ: ಹಲ್ಲಿಗಾಗಿ ದೇಶ ದಾಟುವವರ ಲಾಭ-ನಷ್ಟ

ದಂತ ಪ್ರವಾಸ: ಹಲ್ಲಿನ ಚಿಕಿತ್ಸೆಗೆಂದೇ, ಇಲ್ಲವೆ ಬೇರೊಂದು ಕೆಲಸದ ಜೊತೆಗೆ ಅದನ್ನೂ ಸೇರಿಸಿಕೊಂಡು, ತಾನಿರುವ ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗಿಬರುವ ಪದ್ಧತಿ. ವೈದ್ಯಕೀಯ ಪ್ರವಾಸದ ಒಂದು ಕವಲು. ಹಂಗೆರಿ, ಮೆಕ್ಸಿಕೊ, ಟರ್ಕಿ, ಥಾಯ್ಲೆಂಡ್, ಕೋಸ್ಟರಿಕ, ಭಾರತ ಇದರ ಹೆಸರಾಂತ ತಾಣಗಳು. ಕನ್ನಡ ಕುಟುಂಬಗಳಲ್ಲಿ ಈ ಪದ್ಧತಿಗೆ ಹೆಸರೇನೂ ಇಲ್ಲ. ಡಲ್ಲಾಸಿನಿಂದಲೋ ಮೆಲ್ಬರ್ನಿನಿಂದಲೋ ಫೋನು ಮಾಡಿದ ಮಗಳು "ಡಿಸೆಂಬರಲ್ಲಿ ಬರ್ತೀವಲ್ಲ, ಆಗ ಹಲ್ಲೂ ತೋರಿಸ್ಕೋತೀನಿ, ಡಾಕ್ಟರಿಗೆ ಈಗಲೇ ಹೇಳಿಟ್ಟಿರಮ್ಮ" ಅನ್ನುತ್ತಾಳೆ, ಅಷ್ಟೇ. ಮದುವೆ, ಧರ್ಮಸ್ಥಳ, ಚಿನ್ನದಂಗಡಿ, ಬ್ಯಾಂಕಿನ ಕೆವೈಸಿ ಇವುಗಳ ನಡುವೆ ಮೂರು ವಾರದ ರಜೆಯಲ್ಲಿ ಒಂದು ರೂಟ್ ಕೆನಾಲ್ ಕೂಡ ತೂರಿಕೊಳ್ಳುತ್ತದೆ.

ಬೆಂಗಳೂರಿನ ವಾಯವ್ಯ ಅಂಚಿನ ಮಾಕಳಿ ಇದನ್ನು ಗಮನಿಸಲು ತಕ್ಕ ಜಾಗ. ತುಮಕೂರು ರಸ್ತೆಯಲ್ಲಿ ಪೀಣ್ಯ, ದಾಸರಹಳ್ಳಿ, ನಾಗಸಂದ್ರ, ಮಾದಾವರ ದಾಟಿದ ಮೇಲೆ, ನೆಲಮಂಗಲಕ್ಕೆ ಮುಂಚೆ ಸಿಗುವ ಊರು ಇದು. 1930ರಲ್ಲಿ ಹುಟ್ಟಿದ ಹಿಮಾಲಯ ಔಷಧ ಕಂಪನಿ 1975ರಲ್ಲಿ ಇಲ್ಲಿ ಕಾರ್ಖಾನೆ ತೆರೆಯಿತು. ಅದೇ ಕಂಪನಿಯ ಗಿಡಮೂಲಿಕೆ ಟೂತ್‌ಪೇಸ್ಟ್ ಇವತ್ತು ಹಲವು ದೇಶಗಳ ಬಚ್ಚಲುಮನೆಗಳಲ್ಲಿದೆ. ಪಕ್ಕದ ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರಕ್ಕೆ ಇಮ್ಟೆಕ್ಸ್‌ನಂಥ ಯಂತ್ರಮೇಳಗಳ ಕಾಲದಲ್ಲಿ ಜರ್ಮನಿ, ಜಪಾನು, ತೈವಾನುಗಳಿಂದ ಜನ ಬರುತ್ತಾರೆ. ಚಿಕ್ಕಬಿದರಕಲ್ಲಿನ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯಕ್ಕೆ ಹೊರದೇಶದವರು ವಾರಗಟ್ಟಲೆ ತಂಗಲು ಬರುತ್ತಾರೆ. 2024ರ ನವೆಂಬರ್ 7ರಂದು ಮೆಟ್ರೊ ಹಸಿರು ಮಾರ್ಗವೂ ನಾಗಸಂದ್ರದಿಂದ ಮಾದಾವರಕ್ಕೆ ಬಂತು. ಪರದೇಶದವರು ಬರುವ ಈ ರಸ್ತೆಯ ಬದಿಯಲ್ಲೇ, ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ, ಎರಡು ಕುರ್ಚಿಯ ದಂತ ಚಿಕಿತ್ಸಾಲಯಗಳ ಬೋರ್ಡುಗಳು ಕಾಣುತ್ತವೆ. ಅವುಗಳ ದಿನನಿತ್ಯದ ರೋಗಿಗಳು ಪೀಣ್ಯದ ಕಾರ್ಮಿಕರು, ಹೊಸ ಲೇಔಟುಗಳ ಸಂಸಾರಸ್ಥರು. ಡಿಸೆಂಬರಿನಲ್ಲೂ ಬೇಸಿಗೆ ರಜೆಯಲ್ಲೂ ಆ ಸಂಸಾರಸ್ಥರ ಮಕ್ಕಳು ಡಾಲರಿನಲ್ಲಿ ಲೆಕ್ಕ ಹಾಕುತ್ತ ಅದೇ ಮೆಟ್ಟಿಲು ಹತ್ತುತ್ತಾರೆ.

ಹೊರಡಲು ಕಾರಣ

ಮುಖ್ಯ ಕಾರಣ ಒಂದೇ: ಹಣವಂತ ದೇಶಗಳ ಆರೋಗ್ಯ ವ್ಯವಸ್ಥೆ ಹಲ್ಲನ್ನು ಮೈಯ ಭಾಗವೆಂದು ಪೂರ್ತಿ ಒಪ್ಪಿಕೊಂಡಿಲ್ಲ. ಅಮೆರಿಕದಲ್ಲಿ ವೃದ್ಧರಿಗಾಗಿ 1965ರಲ್ಲಿ ಬಂದ ಮೆಡಿಕೇರ್ ಯೋಜನೆ ಸಾಮಾನ್ಯ ದಂತಚಿಕಿತ್ಸೆಯನ್ನು ಮೊದಲಿಂದಲೂ ಹೊರಗಿಟ್ಟಿದೆ. ಆಸ್ಟ್ರೇಲಿಯದಲ್ಲಿ 1984ರಲ್ಲಿ ಶುರುವಾದ ಅದೇ ಹೆಸರಿನ ಯೋಜನೆಯೂ ದೊಡ್ಡವರ ಹಲ್ಲಿನ ವಿಷಯದಲ್ಲಿ ಹಾಗೆಯೇ. ಬ್ರಿಟನ್ನಿನಲ್ಲಿ ಸರ್ಕಾರಿ ಸೇವೆಯಡಿ ಚಿಕಿತ್ಸೆ ಉಂಟು, ಆದರೆ ದಂತವೈದ್ಯರೊಂದಿಗಿನ 2006ರ ಹೊಸ ಒಪ್ಪಂದದ ನಂತರ ಸರ್ಕಾರಿ ದರಕ್ಕೆ ನೋಡುವ ದಂತವೈದ್ಯರು ಸಿಗುವುದೇ ಕಷ್ಟವೆಂಬ ದೂರು ಬೆಳೆಯುತ್ತ ಬಂದಿದೆ. ಅಮೆರಿಕದ ಕಂಪನಿಗಳು ಕೊಡುವ ಪ್ರತ್ಯೇಕ ದಂತವಿಮೆಗೆ ವರ್ಷಕ್ಕೆ ಸಾಮಾನ್ಯವಾಗಿ 1,000ದಿಂದ 2,000 ಡಾಲರಿನ ಮಿತಿ ಇರುತ್ತದೆ. ಒಂದು ದವಡೆಹಲ್ಲಿನ ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪ್ ಆದರೆ ಆ ವರ್ಷದ ವಿಮೆ ಮುಗಿದಂತೆ.

ಅಮೆರಿಕದಲ್ಲಿ ಒಂದು ಇಂಪ್ಲಾಂಟ್ (ದವಡೆಯ ಎಲುಬಿಗೆ ಕೂರಿಸುವ ಲೋಹದ ಬೇರು), ಮೇಲಿನ ಕ್ಯಾಪ್ ಸೇರಿ, ಸಾಮಾನ್ಯವಾಗಿ 3,000ದಿಂದ 5,000 ಡಾಲರ್ ಆಗುತ್ತದೆ. ಬೆಂಗಳೂರಿನಲ್ಲಿ ಇಂಪ್ಲಾಂಟಿನ ಕಂಪನಿ ನೋಡಿಕೊಂಡು ಅದೇ ಕೆಲಸ ಸುಮಾರು 25,000ದಿಂದ 60,000 ರೂಪಾಯಿಗೆ ಆಗುತ್ತದೆ. ವ್ಯತ್ಯಾಸ ಕಣ್ಣು ಕುಕ್ಕುವಂಥದು. ಆದರೆ ಒಂದೇ ಒಂದು ಹಲ್ಲಿಗಾಗಿ ಟಿಕೆಟ್ ಕೊಂಡು ಬಂದವನಿಗೆ ವಿಮಾನದ ಖರ್ಚು, ಸಂಬಳವಿಲ್ಲದ ರಜೆ, ಮತ್ತೊಮ್ಮೆ ಬರಬೇಕಾದ ಖರ್ಚು ಸೇರಿದಾಗ ಉಳಿತಾಯದ ಹೆಚ್ಚಿನ ಪಾಲು ಕರಗುತ್ತದೆ. ಏಳೆಂಟು ಹಲ್ಲಿನ ಕೆಲಸವಿದ್ದವನಿಗೆ ಲಾಭ ನಿಜ. ಎಲ್ಲರಿಗಿಂತ ಹೆಚ್ಚು ಲಾಭ ಹೇಗೂ ಊರಿಗೆ ಬರುವವನಿಗೆ, ಏಕೆಂದರೆ ಅವನ ಟಿಕೆಟಿನ ದುಡ್ಡು ತಂಗಿಯ ಮದುವೆಯ ಲೆಕ್ಕದಲ್ಲಿ ಆಗಲೇ ಹೋಗಿರುತ್ತದೆ.

ಇಲ್ಲಿ ಜಗತ್ತಿನ ಎರಡು ಪ್ರಸಿದ್ಧ ತಾಣಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಅಮೆರಿಕದ ಯೂಮ ನಗರಕ್ಕೆ ಹತ್ತಿರ, ಗಡಿಯಾಚೆ, ಮೆಕ್ಸಿಕೊದ ಲಾಸ್ ಅಲ್ಗೊಡೋನೆಸ್ ಎಂಬ ಪುಟ್ಟ ಊರಿದೆ. ಬೀದಿಯುದ್ದಕ್ಕೂ ಹಲ್ಲಿನ ಆಸ್ಪತ್ರೆಗಳು. ಜನ ಅದನ್ನು ದವಡೆಹಲ್ಲಿನ ಪಟ್ಟಣವೆಂದೇ ಕರೆಯುತ್ತಾರೆ. ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬಂದ ಅಮೆರಿಕದ, ಕೆನಡದ ನಿವೃತ್ತರು ಗಡಿಯನ್ನು ನಡೆದೇ ದಾಟುತ್ತಾರೆ. ಹಂಗೆರಿಯ ಶೋಪ್ರೊನ್, ಮೊಶೊನ್‌ಮಜರೋವಾರ್ ಊರುಗಳು ಆಸ್ಟ್ರಿಯದ ಗಡಿಗೆ ಅಂಟಿಕೊಂಡಿವೆ. ವಿಯೆನ್ನಾದವರು ಬೆಳಗ್ಗೆ ಕಾರಿನಲ್ಲಿ ಹೋಗಿ ಸಂಜೆಗೆ ಮನೆ ಸೇರುತ್ತಾರೆ. ಐರೋಪ್ಯ ಒಕ್ಕೂಟ 2011ರಲ್ಲಿ ಗಡಿಯಾಚೆಯ ಚಿಕಿತ್ಸೆಯ ವೆಚ್ಚ ವಾಪಸಾತಿಗೆ ನಿರ್ದೇಶನವನ್ನೂ ಹೊರಡಿಸಿತು. ಎರಡು ಕಡೆಯೂ ಅಗ್ಗ ಹೌದು. ಆದರೆ ಅವುಗಳ ನಿಜವಾದ ಗುಟ್ಟು ಬೆಲೆಯಲ್ಲ, ದೂರ. ಕ್ಯಾಪ್ ಎತ್ತರವಾಯಿತೆಂದರೆ ನಾಳೆಯೇ ಹೋಗಿ ಉಜ್ಜಿಸಿಕೊಂಡು ಬರಬಹುದು. ಬೆಂಗಳೂರಿಗೆ ಆ ಸೌಕರ್ಯವಿಲ್ಲ. ಅದರ ಬದಲು ತವರುಮನೆ ಇದೆ. ಹದಿನಾರು ಗಂಟೆ ಹಾರಿ ಬರಬೇಕಾದರೂ, ಅಪ್ಪ ಅಮ್ಮ ಇರುವವರೆಗೆ ಮಕ್ಕಳು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದೇ ಬರುತ್ತಾರೆ. ಕನ್ನಡಿಗರ ದಂತ ಪ್ರವಾಸ ನಿಂತಿರುವುದು ಈ ಮರುಭೇಟಿಯ ಭರವಸೆಯ ಮೇಲೆ.

ಹಿನ್ನೆಲೆ

ಕರ್ನಾಟಕದಲ್ಲಿ ಹಲ್ಲಿಗಾಗಿ ಮೊದಲು ಊರು ಬಿಟ್ಟವರು ರೋಗಿಗಳಲ್ಲ, ವಿದ್ಯಾರ್ಥಿಗಳು. ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಡಾ. ಆರ್. ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ಶುರುಮಾಡಿದರು. ಮೈಸೂರು ರಾಜ್ಯದಲ್ಲಿ ಅಂಥದೊಂದು ಸಂಸ್ಥೆಗೆ 1958ರವರೆಗೆ ಕಾಯಬೇಕಾಯಿತು. ಆ ವರ್ಷ ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ತೆರೆಯಿತು. ಅಲ್ಲಿಯವರೆಗೆ ಹೆಚ್ಚಿನ ಮನೆಗಳ ದಂತವೈದ್ಯ ಬೇವಿನ ಕಡ್ಡಿ, ಇದ್ದಿಲು, ಉಪ್ಪು; ಸ್ವಲ್ಪ ಅನುಕೂಲವಿದ್ದರೆ ನಂಜನಗೂಡಿನ ಹಲ್ಲುಪುಡಿ. ಆ ಪುಡಿಯನ್ನು ಮನೆಮಾತು ಮಾಡಿದ ಸದ್ವೈದ್ಯಶಾಲೆಯನ್ನು ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ್ದರು. ಕಲ್ಕತ್ತೆಯಂಥ ನಗರಗಳಲ್ಲಿ ಚೀನದ ಹುಬೆ ಪ್ರಾಂತ್ಯದಿಂದ ಬಂದು ನೆಲೆಸಿದ ಮನೆತನಗಳು ಹಲ್ಲು ಕಟ್ಟುವ ಕಸುಬು ನಡೆಸುತ್ತಿದ್ದವು. ಅಂದರೆ ಆಗ ದೇಶ ದಾಟುತ್ತಿದ್ದವನು ವೈದ್ಯ. ರೋಗಿ ತನ್ನ ಬೀದಿಯಲ್ಲೇ ಇದ್ದ.

ಆಮೇಲೆ ಕರ್ನಾಟಕದಲ್ಲಿ ದಂತ ಕಾಲೇಜುಗಳ ಸಾಲೇ ಹುಟ್ಟಿತು. 1965ರಲ್ಲಿ ಮಣಿಪಾಲ, 1979ರಲ್ಲಿ ದಾವಣಗೆರೆಯ ಬಾಪೂಜಿ, 1980ರ ದಶಕದಲ್ಲಿ ದೇರಳಕಟ್ಟೆಯ ಎ.ಬಿ. ಶೆಟ್ಟಿ ಕಾಲೇಜು ಮತ್ತು ಧಾರವಾಡದ ಎಸ್‌ಡಿಎಂ. ಈಗ ರಾಜ್ಯದಲ್ಲಿ 40ಕ್ಕೂ ಹೆಚ್ಚಿವೆ. ಬೆಂಗಳೂರಿನ ಹೊರ ಅಂಚಿನ ಒಂದೊಂದು ಕೈಗಾರಿಕಾ ದಿಕ್ಕಿಗೂ ಒಂದೊಂದು ಕಾಲೇಜು ಇದೆ: ತುಮಕೂರು ರಸ್ತೆಯಲ್ಲಿ ಯಶವಂತಪುರದ ಬಳಿ ಕೆಎಲ್‌ಇ, ವೈಟ್‌ಫೀಲ್ಡಿನಲ್ಲಿ ವೈದೇಹಿ, ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿಯ ಆಕ್ಸ್‌ಫರ್ಡ್. ಈ ಕಾಲೇಜುಗಳಿಂದ ಹೊರಬಿದ್ದ ಯುವ ವೈದ್ಯರ ಸಂಖ್ಯೆಯೇ ನಗರದ ದರ ತಗ್ಗಿಸಿರುವ ದೊಡ್ಡ ಕಾರಣ. ಒಂದೇ ರಸ್ತೆಯಲ್ಲಿ ನಾಲ್ಕು ಕ್ಲಿನಿಕ್ಕುಗಳಿದ್ದರೆ ಯಾರೂ ಬಾಯಿಗೆ ಬಂದ ರೇಟು ಹೇಳುವಂತಿಲ್ಲ. ಮಾಕಳಿಯಲ್ಲಿ ಅಗ್ಗವೆಂದ ಮಾತ್ರಕ್ಕೆ ಕೆಲಸ ಕಡಿಮೆ ದರ್ಜೆಯದೆಂದು ಅರ್ಥವಲ್ಲ. ಬಾಡಿಗೆ, ಸಹಾಯಕರ ಸಂಬಳ, ವೈದ್ಯರ ಹೊಣೆಗಾರಿಕೆ ವಿಮೆಯ ಕಂತು, ಓದಿಗೆ ಮಾಡಿದ ಸಾಲ ಇವೆಲ್ಲ ಅಮೆರಿಕಕ್ಕಿಂತ ಇಲ್ಲಿ ಕಡಿಮೆ.

ಇದರಲ್ಲಿ ಒಂದು ವಿಚಿತ್ರವಿದೆ. ಇಲ್ಲಿ ಬಿಡಿಎಸ್ ಎಂಬ ದಂತವೈದ್ಯ ಪದವಿ ಓದಿದವರು ಅಮೆರಿಕದಲ್ಲಿ ಚಿಕಿತ್ಸೆ ಮಾಡಬೇಕೆಂದರೆ ಸಾಮಾನ್ಯವಾಗಿ ಮತ್ತೆ ಎರಡು ಮೂರು ವರ್ಷ ಅಲ್ಲಿಯ ಕಾಲೇಜಿನಲ್ಲಿ ಕೂತು, ಪರೀಕ್ಷೆ ಪಾಸು ಮಾಡಿ, ಆಯಾ ರಾಜ್ಯದ ಪರವಾನಗಿ ಪಡೆಯಬೇಕು. ಬ್ರಿಟನ್ನಿಗೂ ಬೇರೆ ಪರೀಕ್ಷೆ ಇದೆ. ಆದರೆ ಅದೇ ವೈದ್ಯರು ಮಾಕಳಿಯಲ್ಲಿ ಕೂರಿಸಿದ ಕ್ಯಾಪ್ ಯಾವ ಪರೀಕ್ಷೆಯೂ ಇಲ್ಲದೆ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ ದಾಟುತ್ತದೆ. ಅಷ್ಟೇ ಅಲ್ಲ, ಅಮೆರಿಕದ ಕ್ಲಿನಿಕ್ಕುಗಳಲ್ಲಿ ಕೂರಿಸುವ ಕ್ಯಾಪುಗಳೂ ಎಷ್ಟೋ ಸಲ ಹೊರದೇಶದ ಲ್ಯಾಬುಗಳಿಂದ ಪಾರ್ಸೆಲ್ಲಿನಲ್ಲಿ ಬಂದಿರುತ್ತವೆ. ರೋಗಿ ಊರು ಬಿಡದಿದ್ದರೂ ಹಲ್ಲು ಪ್ರವಾಸ ಮಾಡಿರುತ್ತದೆ.

ಲಾಭಗಳು

ಹಣದ ಮಾತು ಆಯಿತು. ಪ್ರಯಾಣದ ಕರಪತ್ರಗಳು ಹೇಳದ ಲಾಭಗಳೂ ಇವೆ. ಮೊದಲನೆಯದು ನೋವಿನ ಭಾಷೆ. ಹಲ್ಲುನೋವಿನ ನಿದಾನದಲ್ಲಿ ರೋಗಿಯ ಮಾತಿಗೆ ಎಕ್ಸ್‌ರೇಗಿಂತ ಕಡಿಮೆ ಬೆಲೆಯೇನಿಲ್ಲ. ತಣ್ಣೀರು ತಾಕಿದ ಕ್ಷಣ "ಜುಮ್ಮೆನ್ನುತ್ತೆ", ಕೂಡಲೇ ನಿಲ್ಲುತ್ತೆ ಎಂದರೆ ಎನಾಮೆಲ್ ಸವೆದು ಒಳಪದರ ತೆರೆದಿರಬಹುದು, ಇಲ್ಲವೆ ವಸಡು ಸರಿದಿರಬಹುದು, ಹಲ್ಲು ಉಳಿಯುತ್ತದೆ. ಬಿಸಿ ಕಾಫಿ ಕುಡಿದು ಹತ್ತು ನಿಮಿಷವಾದರೂ ನೋವು "ಬಿಡಲ್ಲ", ರಾತ್ರಿ ಮಲಗಿದಾಗ "ಸಿಡಿಯುತ್ತೆ" ಎಂದರೆ ಒಳಗಿನ ನರ ಕೆಟ್ಟಿದೆಯೆಂಬ ಗುಮಾನಿ ಬಲವಾಗುತ್ತದೆ, ಮಾತು ರೂಟ್ ಕೆನಾಲಿಗೆ ಹೋಗುತ್ತದೆ. ಕಚ್ಚಿ ಬಿಟ್ಟಾಗ "ಚಳಕು ಹೊಡೆಯುತ್ತೆ" ಎಂದರೆ ಹಲ್ಲಿನಲ್ಲಿ ಬಿರುಕು ಹುಡುಕಬೇಕು. ಹಲ್ಲು "ಉದ್ದ ಆದ ಹಾಗಿದೆ" ಎಂದು ಅಜ್ಜಿಯರು ಹೇಳುವುದು ಬರಿಯ ಭಾವನೆಯಲ್ಲ. ಬೇರಿನ ತುದಿಯಲ್ಲಿ ಕೀವು ಸೇರಿ ಹಲ್ಲನ್ನು ನಿಜವಾಗಿ ಮೇಲೆತ್ತಿರಬಹುದು. ಈ ಮಾತುಗಳಿಗೆಲ್ಲ ಇಂಗ್ಲಿಷಿನಲ್ಲಿ "ಪೇನ್" ಎಂಬ ಒಂದೇ ಪದ ಗೊತ್ತಿರುವ ತಾಯಿಯನ್ನು ನ್ಯೂಜೆರ್ಸಿಯ ಕುರ್ಚಿಯಲ್ಲಿ ಕೂರಿಸಿ, ಮಗ ಪಕ್ಕದಲ್ಲಿ ನಿಂತು ಅನುವಾದ ಮಾಡುವಾಗ ಅರ್ಧ ರೋಗ ಕಳೆದುಹೋಗಿರುತ್ತದೆ.

ಎರಡನೆಯದು ಈ ನೆಲದ ಹಲ್ಲುಗಳ ಪರಿಚಯ. ಪಾವಗಡ, ಬಾಗೇಪಲ್ಲಿ, ಕೋಲಾರ, ಮುಂಡರಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಮ್ ದಾಟಬಾರದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಹಲ್ಲು ಮೂಡುವ ವಯಸ್ಸಿನಲ್ಲಿ, ಅಂದರೆ ಎಂಟು ವರ್ಷದೊಳಗೆ, ಇಂಥ ನೀರು ಕುಡಿದವರ ಎನಾಮೆಲ್ ಮೇಲೆ ಬಿಳಿ ಗೀರು, ಹಳದಿ-ಕಂದು ಕಲೆ, ಜೋರಾದರೆ ಗುಳಿಗಳೇ ಬೀಳುತ್ತವೆ. ಅಲ್ಲಿ ಹುಟ್ಟಿ ಬೆಳೆದು, ಬೆಂಗಳೂರಿನ ಐಟಿ ಕಂಪನಿ ಸೇರಿ, ಮುಂದೆ ಹೊರದೇಶಕ್ಕೆ ಹೋದ ಹುಡುಗ ಬಾಯಿ ಮುಚ್ಚಿಕೊಂಡೇ ನಗುವುದನ್ನು ಕಲಿತಿರುತ್ತಾನೆ. ಇಷ್ಟು ಜೋರಾದ ಕಲೆಯನ್ನು ಹೊರದೇಶದ ವೈದ್ಯರು ಅಪರೂಪಕ್ಕೆ ನೋಡಿರುತ್ತಾರೆ. ಬೆಂಗಳೂರು, ತುಮಕೂರಿನ ವೈದ್ಯರಿಗೆ ಅದು ದಿನದ ಕೆಲಸ: ಯಾವ ಕಲೆ ಮೇಲಿಂದ ಉಜ್ಜಿದರೆ ಹೋಗುತ್ತದೆ, ಯಾವುದಕ್ಕೆ ರೆಸಿನ್ ಸಾಕು, ಯಾವುದಕ್ಕೆ ಮಾತ್ರ ಹಲ್ಲಿನ ಮುಂಬದಿಗೆ ಅಂಟಿಸುವ ತೆಳು ಹೊದಿಕೆ, ಅಂದರೆ ವಿನೀರ್, ಬೇಕು ಎಂದು ಅವರ ಕಣ್ಣಿಗೆ ಗೊತ್ತು. ಅಡಿಕೆ, ಗುಟ್ಕ ಜಗಿದು ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಪೂರ್ತಿ ತೆರೆಯದ ರೋಗಿಗಳ ವಿಷಯವೂ ಹೀಗೆಯೇ. ಆ ಗಡುಸು ಕ್ಯಾನ್ಸರಿನ ಮುನ್ಸೂಚನೆಯೂ ಆಗಬಹುದಾದ್ದರಿಂದ ಅದನ್ನು ಮೊದಲ ನೋಟಕ್ಕೇ ಗುರುತಿಸುವ ವೈದ್ಯ ಸಿಗುವುದು ದೊಡ್ಡ ಮಾತು.

ದಿನಗಳ ಲೆಕ್ಕ

ಪ್ರವಾಸದಲ್ಲಿ ಯಾವ ಚಿಕಿತ್ಸೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ಬೆಲೆಪಟ್ಟಿ ತೀರ್ಮಾನಿಸುವುದಿಲ್ಲ, ಕ್ಯಾಲೆಂಡರ್ ತೀರ್ಮಾನಿಸುತ್ತದೆ. ಕ್ಲೀನಿಂಗ್, ಹುಳುಕು ತುಂಬಿಸುವುದು ಒಂದೊಂದು ದಿನದ ಕೆಲಸ. ರೂಟ್ ಕೆನಾಲ್ ಒಂದರಿಂದ ಮೂರು ಭೇಟಿ ತೆಗೆದುಕೊಳ್ಳುತ್ತದೆ, ಕ್ಯಾಪ್ ಲ್ಯಾಬಿನಿಂದ ಬರಲು ಮತ್ತೆ ಕೆಲವು ದಿನ. ಎರಡು ವಾರ ಕೈಯಲ್ಲಿದ್ದರೆ ಧಾರಾಳ. ಅಡ್ಡ ಬೆಳೆದ ಬುದ್ಧಿಹಲ್ಲು ಕೀಳಿಸಿದರೆ ಹೊಲಿಗೆ ತೆಗೆಸಲು ಒಂದು ವಾರ ಇರಬೇಕು. ಊರಿಗೆ ಬಂದವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮದುವೆ, ದೇವಸ್ಥಾನ ಎಲ್ಲ ಮುಗಿಸಿ, ಕೊನೆಯ ನಾಲ್ಕು ದಿನದಲ್ಲಿ ಹಲ್ಲಿನ ಡಾಕ್ಟರ ಬಳಿ ಹೋಗುವುದು. ಇಳಿದ ಮಾರನೆಯ ದಿನವೇ ಹೋದರೆ ಏನಾದರೂ ಎಡವಟ್ಟಾದರೆ ಸರಿಪಡಿಸಲು ಉಳಿದ ರಜೆಯೆಲ್ಲ ಕೈಯಲ್ಲಿರುತ್ತದೆ.

ಇಂಪ್ಲಾಂಟಿನ ಕಥೆ ಬೇರೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ 1950ರ ದಶಕದಲ್ಲಿ ಮೊಲದ ಎಲುಬಿನೊಳಗೆ ಇಟ್ಟಿದ್ದ ಟೈಟೇನಿಯಮ್ ಕೊಳವೆ ಕೀಳಲು ಬಾರದಂತೆ ಎಲುಬಿಗೆ ಬೆಸೆದುಕೊಂಡಿದ್ದನ್ನು ಕಂಡ. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಅದನ್ನು ಅಳವಡಿಸಿದ. ಆ ಬೆಸುಗೆಗೆ ಇವತ್ತಿಗೂ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಕೆಳದವಡೆಗೆ ಸ್ವಲ್ಪ ಕಡಿಮೆ, ಮೇಲ್ದವಡೆಗೆ ಹೆಚ್ಚು. ಹಾಗಾಗಿ ಇದು ಎರಡು ಪ್ರಯಾಣದ ಚಿಕಿತ್ಸೆ. ಈ ಡಿಸೆಂಬರಿನಲ್ಲಿ ಸ್ಕ್ರೂ, ಮುಂದಿನ ಬೇಸಿಗೆ ರಜೆಯಲ್ಲಿ ಕ್ಯಾಪ್ ಎಂದು ಯೋಜಿಸಿಕೊಂಡ ಅನಿವಾಸಿಗೆ ಇದು ಚೆನ್ನಾಗಿ ಕೂರುತ್ತದೆ. ಒಂದೇ ವಾರದಲ್ಲಿ ಪೂರ್ತಿ ಬಾಯಿ ಮಾಡಿಕೊಡುತ್ತೇವೆ ಎನ್ನುವ ಜಾಹೀರಾತಿಗೆ ಆಧಾರವೇ ಇಲ್ಲವೆಂದಲ್ಲ. ಎಲುಬು ಗಟ್ಟಿಯಿದ್ದರೆ, ಸ್ಕ್ರೂಗಳನ್ನು ಒಂದಕ್ಕೊಂದು ಬಿಗಿದು ಕೂಡಲೇ ಹಲ್ಲು ಕೂರಿಸುವ ವಿಧಾನಗಳಿವೆ. ಆದರೆ ಹಾಗೆ ಕೂರಿಸುವುದು ಸಾಮಾನ್ಯವಾಗಿ ತಾತ್ಕಾಲಿಕ ಹಲ್ಲು. ಕಾಯಂ ಹಲ್ಲಿಗೆ ಮತ್ತೆ ಬರಲೇಬೇಕು.

ಕ್ಲಿಪ್ ಹಾಕಿಸಿ ಹಲ್ಲು ಸರಿ ಮಾಡಿಸುವುದು ಒಂದೂವರೆ ಎರಡು ವರ್ಷ ತಿಂಗಳು ತಿಂಗಳು ಬಿಗಿಸುವ ಕೆಲಸ, ಪ್ರವಾಸದಲ್ಲಿ ಮಾಡಿಸುವಂಥದಲ್ಲ. ವಸಡಿನ ರೋಗವೂ ಹಾಗೆಯೇ. ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿಸಿಕೊಳ್ಳಬೇಕಾದ ಅದನ್ನು ಹಾಗೇ ಬಿಟ್ಟು, ಅಲುಗಾಡುವ ಹಲ್ಲುಗಳ ಮೇಲೆ ಚಂದದ ಕ್ಯಾಪು ಕೂರಿಸಿದರೆ ಪಾಯ ಕುಸಿದ ಗೋಡೆಗೆ ಸುಣ್ಣ ಬಳಿದಂತೆ.

ಅಪಾಯಗಳು

ಮೊದಲ ಅಪಾಯ, ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ವಿನೀರಿಗೆ ಅರ್ಧ ಮಿಲಿಮೀಟರಿನ ಆಸುಪಾಸು ಎನಾಮೆಲ್ ಉಜ್ಜುತ್ತಾರೆ. ಪೂರ್ತಿ ಕ್ಯಾಪಿಗೆ ಸುತ್ತಲೂ ಒಂದೆರಡು ಮಿಲಿಮೀಟರ್. ಬ್ರಿಟನ್ನಿನ ಯುವಕರು ಟರ್ಕಿಗೆ ಹೋಗಿ, ವಿನೀರೆಂದುಕೊಂಡು ಗಟ್ಟಿಯಾದ ಹಲ್ಲುಗಳನ್ನೆಲ್ಲ ಗೂಟದಂತೆ ಉಜ್ಜಿಸಿಕೊಂಡು ಬಂದದ್ದು ಅಲ್ಲಿ ದೊಡ್ಡ ಚರ್ಚೆಯಾಗಿ, "ಟರ್ಕಿ ಹಲ್ಲು" ಎಂಬ ಮಾತೇ ಹುಟ್ಟಿತು. ರಜೆ ಕಡಿಮೆ ಇದ್ದಾಗ ವೈದ್ಯರಿಗೂ ರೋಗಿಗೂ ಬೇಗ ಮುಗಿಯುವ ದಾರಿಯೇ ಸರಿಯೆನ್ನಿಸುತ್ತದೆ. ಆರು ತಿಂಗಳು ಕಾದು ನೋಡಬಹುದಾದ ಹಲ್ಲನ್ನು ಕಾಯಲು ಸಮಯವಿಲ್ಲವೆಂಬ ಒಂದೇ ಕಾರಣಕ್ಕೆ ಉಜ್ಜುವುದು, ಕೀಳುವುದು ನಡೆಯುತ್ತದೆ. ದಂತ ಪ್ರವಾಸದ ನಿಜವಾದ ದುಬಾರಿ ಬಾಬತ್ತು ಇದು. ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಎರಡನೆಯದು ಬಿಡಿಭಾಗದ ತೊಂದರೆ. ಪೀಣ್ಯದ ಟರ್ನರಿಗೆ ಇದನ್ನು ವಿವರಿಸುವುದು ಸುಲಭ: ಎಂಎಂ ಬೋಲ್ಟಿಗೆ ಇಂಚಿನ ನಟ್ಟು ಕೂರುವುದಿಲ್ಲ. ಇಂಪ್ಲಾಂಟ್ ಎಂದರೆ ಟೈಟೇನಿಯಮ್ಮಿನ ಒಂದು ಸ್ಕ್ರೂ, ಅದರ ಮೇಲೊಂದು ಕೊಂಡಿ, ಕೊಂಡಿಯನ್ನು ಬಿಗಿಯುವ ಸಣ್ಣ ಸ್ಕ್ರೂ. ಜಗತ್ತಿನಲ್ಲಿ ನೂರಾರು ಕಂಪನಿಗಳು ಇವನ್ನು ಮಾಡುತ್ತವೆ. ಒಂದರ ಕೊಂಡಿ ಇನ್ನೊಂದಕ್ಕೆ ಕೂರದು, ಬಿಗಿಯುವ ಕೀಲಿಯೂ ಬೇರೆ. ಮೂರು ವರ್ಷದ ಮೇಲೆ ಟೊರಾಂಟೊದಲ್ಲಿ ಒಳಗಿನ ಸ್ಕ್ರೂ ಸಡಿಲವಾದರೆ, ಅದು ಯಾವ ಕಂಪನಿಯದೆಂದು ಗೊತ್ತಿಲ್ಲದ ವೈದ್ಯ ಕೈ ಹಾಕಲು ಹಿಂಜರಿಯುತ್ತಾನೆ. ಪ್ರತಿಯೊಂದು ಇಂಪ್ಲಾಂಟಿನ ಡಬ್ಬಿಯಲ್ಲೂ ಕಂಪನಿ, ಅಳತೆ, ಲಾಟ್ ಸಂಖ್ಯೆಯ ಸ್ಟಿಕರ್ ಇರುತ್ತದೆ. ಒಂದನ್ನು ಕ್ಲಿನಿಕ್ಕಿನ ಫೈಲಿಗೆ ಅಂಟಿಸಿ, ಇನ್ನೊಂದನ್ನು ರೋಗಿಗೆ ಕೊಡುವುದು ಪದ್ಧತಿ. ಕೊಡದಿದ್ದರೆ ಕೇಳಿ ತೆಗೆದುಕೊಳ್ಳಬೇಕು. ಅದರ ಜೊತೆಗೆ ಪೂರ್ತಿ ದವಡೆಯ ಎಕ್ಸ್‌ರೇ (ಓಪಿಜಿ), ಸ್ಕ್ಯಾನಿನ ಮೂಲ ಫೈಲು, ಕ್ಯಾಪ್ ಯಾವ ವಸ್ತುವಿನದು, ರೂಟ್ ಕೆನಾಲಿನ ಮೊದಲಿನ ಮತ್ತು ನಂತರದ ಎಕ್ಸ್‌ರೇ ಇವೂ ಬೇಕು. ಬಿಲ್ಲನ್ನು ಜೋಪಾನವಾಗಿಟ್ಟು ಸ್ಟಿಕರನ್ನು ಕಸಕ್ಕೆ ಹಾಕುವುದು ಸಾಮಾನ್ಯ. ಬಿಲ್ಲಿಗಿಂತ ಸ್ಟಿಕರಿಗೆ ಆಯುಷ್ಯ ಹೆಚ್ಚು.

ಸೋಂಕಿನ ಭಯ ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ, ಅದು ಸಕಾರಣವೇ. 2022-23ರಲ್ಲಿ ತಮಿಳುನಾಡಿನ ವಾಣಿಯಂಬಾಡಿಯಲ್ಲಿ, ಬೆಂಗಳೂರು-ಚೆನ್ನೈ ಹೆದ್ದಾರಿಯ ಪಕ್ಕದ ಊರು ಅದು, ದಂತಚಿಕಿತ್ಸೆ ಪಡೆದವರಿಗೆ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯ ಸೋಂಕು ಮೆದುಳಿಗೆ ತಗುಲಿ 8 ಮಂದಿ ಸತ್ತರು. ತೆರೆದ ಸಲೈನ್ ಬಾಟಲಿಯನ್ನು ಮತ್ತೆ ಮತ್ತೆ ಬಳಸಿದ್ದು ಸೋಂಕಿನ ಮೂಲವೆಂದು ತನಿಖೆ ನಡೆಸಿದ ತಜ್ಞರು ಗುರುತಿಸಿದರು. ಆದರೆ 2016ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಆನಹೈಮ್‌ನಲ್ಲಿ, ಅದಕ್ಕೂ ಹಿಂದಿನ ವರ್ಷ ಜಾರ್ಜಿಯ ರಾಜ್ಯದಲ್ಲಿ, ಕುರ್ಚಿಯ ನೀರಿನ ಕೊಳವೆಯೊಳಗೆ ಬೆಳೆದ ಮೈಕೊಬ್ಯಾಕ್ಟೀರಿಯದಿಂದ ಹಲವು ಮಕ್ಕಳ ದವಡೆಗಳಿಗೆ ಸೋಂಕು ತಗುಲಿತ್ತು. ಸೋಂಕು ದೇಶ ನೋಡಿ ಬರುವುದಿಲ್ಲ, ಕ್ಲಿನಿಕ್ ನೋಡಿ ಬರುತ್ತದೆ. ಕೇಳಿ ತಿಳಿಯಬೇಕಾದದ್ದು ಸರಳ: ಉಪಕರಣಗಳು ಸೀಲು ಮಾಡಿದ ಚೀಲದಲ್ಲಿ ಬರುತ್ತವೆಯೇ, ಹಲ್ಲು ಕೊರೆಯುವ ಹ್ಯಾಂಡ್‌ಪೀಸನ್ನೂ ಪ್ರತಿ ರೋಗಿಗೆ ಆಟೊಕ್ಲೇವ್ ಮಾಡುತ್ತಾರೆಯೇ, ಸಲೈನ್ ಯಾರಿಗಾಗಿ ತೆರೆದದ್ದು. ಇಂಥ ಪ್ರಶ್ನೆಗೆ ಮುಖ ಗಂಟಿಕ್ಕುವ ಕ್ಲಿನಿಕ್ಕಿನಿಂದ ಎದ್ದು ಬರುವುದರಲ್ಲಿ ಅವಮಾನವೇನಿಲ್ಲ.

ಆಮೇಲೆ ಆಕಾಶದ ವಿಷಯ. ದೂರ ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಜಾಗಕ್ಕೆ ಸಮ. ನಂದಿಬೆಟ್ಟವನ್ನು ಮೀರಿ, ಕೆಲವೊಮ್ಮೆ ಮುಳ್ಳಯ್ಯನಗಿರಿಯ ತುದಿಯನ್ನೂ ಮೀರಿ. ಹುಳುಕಿನೊಳಗೆ, ಅರ್ಧ ಮುಗಿದ ರೂಟ್ ಕೆನಾಲಿನೊಳಗೆ ಸಿಕ್ಕಿಕೊಂಡ ಗಾಳಿ ಆಗ ಹಿಗ್ಗಿ ಹಲ್ಲು ಸಿಡಿಯುವಂತೆ ನೋಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಿಂದಲೂ ವಿಮಾನ ಚಾಲಕರಿಗೆ ಪರಿಚಿತವಾದ ನೋವಿದು. ಮೇಲ್ದವಡೆಯ ಇಂಪ್ಲಾಂಟಿಗಾಗಿ ಸೈನಸ್ಸಿನ ತಳವನ್ನು ಎತ್ತಿಸಿಕೊಂಡವರು ಶಸ್ತ್ರವೈದ್ಯರು ಒಪ್ಪುವವರೆಗೆ, ಸಾಮಾನ್ಯವಾಗಿ ಕೆಲವು ವಾರ, ವಿಮಾನ ಹತ್ತಬಾರದು; ಜೋರಾಗಿ ಮೂಗು ಸೀಟಲೂಬಾರದು.

ಗಡಿಯೇ ಮುಚ್ಚಿದರೆ ಏನು ಗತಿ ಎಂಬುದನ್ನು 2020ಕ್ಕೆ ಮುಂಚೆ ಯಾರೂ ಯೋಚಿಸಿರಲಿಲ್ಲ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 13ರಿಂದ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡಿನವರ ವೀಸಾರಹಿತ ಪ್ರವೇಶವನ್ನೂ ಭಾರತ ತಡೆಹಿಡಿಯಿತು. 23ರಿಂದ ಅಂತರರಾಷ್ಟ್ರೀಯ ವಿಮಾನಗಳು ನಿಂತವು, ಮಾಮೂಲಿ ವೇಳಾಪಟ್ಟಿಯಂತೆ ಮತ್ತೆ ಶುರುವಾದದ್ದು 2022ರ ಮಾರ್ಚ್ 27ರಂದು. ಡಿಸೆಂಬರಿನಲ್ಲಿ ಸ್ಕ್ರೂ ಹಾಕಿಸಿ ಬೇಸಿಗೆಗೆ ಕ್ಯಾಪ್ ಎಂದುಕೊಂಡಿದ್ದ ಲೆಕ್ಕ ತಲೆಕೆಳಗಾಯಿತು. ಇದಕ್ಕೆ ದೇಶದ ಗಡಿಯೇ ಬೇಕೆಂದೂ ಇಲ್ಲ. ಕೇರಳದ ಕಾಸರಗೋಡಿನ ಕನ್ನಡ, ತುಳು, ಮಲಯಾಳ ಮನೆಗಳವರು ಹಿಂದಿನಿಂದಲೂ ಚಿಕಿತ್ಸೆಗೆ ನೆಚ್ಚಿಕೊಂಡಿರುವುದು ಮಂಗಳೂರನ್ನು. ಹಲ್ಲಿಗೂ ಅಷ್ಟೇ, ದೇರಳಕಟ್ಟೆಯ ಕಾಲೇಜುಗಳು ಅವರಿಗೆ ತಿರುವನಂತಪುರಕ್ಕಿಂತ ಎಷ್ಟೋ ಹತ್ತಿರ. 2020ರ ಮಾರ್ಚಿನ ಕೊನೆಯಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ಮಾತ್ರ ದಾರಿ ಬಿಟ್ಟರು. ಹಲ್ಲು ತುರ್ತಿನ ಪಟ್ಟಿಯಲ್ಲಿ ಬರುವುದಿಲ್ಲ. ಕ್ಲಿಪ್ ಹಾಕಿಸಿಕೊಂಡ ಮಗುವಿಗೆ ಆ ಹತ್ತಿರದ ದಾರಿಯೂ ಪರದೇಶದಷ್ಟೇ ದೂರವಾಗಿತ್ತು.

ರೋಗಿಯ ಮೈಯೊಳಗಿನ ಕಾರಣಗಳನ್ನೂ ಮರೆಯಬಾರದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಇಂಪ್ಲಾಂಟ್ ಕಚ್ಚಿಕೊಳ್ಳುವುದನ್ನು ತಡೆಯುತ್ತವೆ. ಎಲುಬು ಸವೆತಕ್ಕೆಂದು ಬಿಸ್‌ಫಾಸ್ಫನೇಟ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವ ಹಿರಿಯರಿಗೆ ಹಲ್ಲು ಕಿತ್ತ ಜಾಗ ಮಾಯದೆ ದವಡೆಯ ಎಲುಬೇ ಸಾಯುವ ಅಪಾಯ ಉಂಟೆಂಬುದು 2003ರ ನಂತರ ವೈದ್ಯಲೋಕಕ್ಕೆ ತಿಳಿದ ಸಂಗತಿ. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವನ್ನೂ ಮುಚ್ಚಿಡುವಂತಿಲ್ಲ. ಇವೆಲ್ಲ ಮನೆಯ ವೈದ್ಯರಿಗೆ ಗೊತ್ತಿರುತ್ತವೆ. ಮೂರು ವಾರದ ಪರಿಚಯದ ವೈದ್ಯರಿಗೆ ರೋಗಿಯೇ ಹೇಳಬೇಕು.

ಕಾನೂನಿನ ನೆರವು

ದಂತವೈದ್ಯರ ಕಾಯ್ದೆ 1948ರದು. ಅದರ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಕರ್ನಾಟಕದಲ್ಲಿ ವೈದ್ಯರ ಹೆಸರು ರಾಜ್ಯ ದಂತ ಪರಿಷತ್ತಿನ ನೋಂದಣಿಯಲ್ಲಿರಬೇಕು, ಕ್ಲಿನಿಕ್ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಗೋಡೆಯ ಮೇಲಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಬಹುದು. ಹಣ ಕೊಟ್ಟು ಪಡೆವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಮೊಕದ್ದಮೆಯಲ್ಲಿ, ತೀರ್ಪು ಕೊಟ್ಟಿತು. 2019ರ ಹೊಸ ಗ್ರಾಹಕ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷದ ಅವಧಿ ಇದೆ, ದೂರುದಾರ ವಾಸವಿರುವ ಊರಿನಲ್ಲೇ ದಾಖಲಿಸಲೂ ಅವಕಾಶವಿದೆ. ಆದರೆ ವಾಸ ಇರುವುದು ಚಿಕಾಗೊದಲ್ಲಾದರೆ ಆ ಅನುಕೂಲ ಕಾಗದದ ಮೇಲೆ ಉಳಿಯುತ್ತದೆ. ಸಾಕ್ಷಿ, ತಜ್ಞರ ಅಭಿಪ್ರಾಯ, ವಾಯಿದೆಗಳಿಗಾಗಿ ಓಡಾಡುವವರು ಮತ್ತೆ ಅದೇ ವಯಸ್ಸಾದ ಅಪ್ಪ. ಅಮೆರಿಕದ ನ್ಯಾಯಾಲಯಕ್ಕೆ ಮಾಕಳಿಯ ಕ್ಲಿನಿಕ್ಕನ್ನು ಎಳೆಯುವುದು ಕನಸಿನ ಮಾತು. ಪ್ರವಾಸ ವಿಮೆಗಳು ಸಾಮಾನ್ಯವಾಗಿ ತುರ್ತು ಹಲ್ಲುನೋವಿಗೆ ಮಾತ್ರ ಒಂದಿಷ್ಟು ಕೊಡುತ್ತವೆ. ಯೋಜಿಸಿ ಮಾಡಿಸಿದ ಚಿಕಿತ್ಸೆ ಕೆಟ್ಟರೆ ಕೊಡುವುದಿಲ್ಲ. ಕ್ಯಾಪಿಗೆ ಲ್ಯಾಬು ಕೊಡುವ ಹತ್ತು ಹದಿನೈದು ವರ್ಷದ ವಾರಂಟಿ ಕಾರ್ಡೂ ಕ್ಯಾಪಿನದೇ ಹೊರತು ಅದರ ಕೆಳಗಿನ ಹಲ್ಲಿನದಲ್ಲ, ವಿಮಾನದ ಟಿಕೆಟಿನದಂತೂ ಅಲ್ಲವೇ ಅಲ್ಲ.

ವಿದೇಶಿ ಪೌರರಿಗೆ ಭಾರತ ವೈದ್ಯಕೀಯ ವೀಸಾ ಕೊಡುತ್ತದೆ. ಆನ್‌ಲೈನಿನಲ್ಲೇ ಸಿಗುವ ಅದರ ಇ-ರೂಪದಲ್ಲಿ 60 ದಿನದ ಅವಧಿಯೊಳಗೆ ಮೂರು ಸಲ ಬಂದುಹೋಗಬಹುದು. ಓಸಿಐ ಕಾರ್ಡು ಇರುವ ಕನ್ನಡಿಗರಿಗೆ ಇದರ ಗೊಡವೆಯಿಲ್ಲ.

ಹೋಗುವವರು

ಇದೇ ಪದ್ಧತಿಯ ಇನ್ನೊಂದು ಮುಖ ಮಾಕಳಿಯಂಥ ಕಡೆ ಹೆಚ್ಚು ಕಾಣುತ್ತದೆ, ಆದರೆ ದಂತ ಪ್ರವಾಸದ ಬರಹಗಳಲ್ಲಿ ಅದರ ಪ್ರಸ್ತಾಪ ಕಡಿಮೆ: ಪರದೇಶದಲ್ಲಿ ಹಲ್ಲಿನ ಖರ್ಚು ತಪ್ಪಿಸಿಕೊಳ್ಳಲು ಹೊರಡುವ ಮುನ್ನವೇ ಬಾಯಿ ರಿಪೇರಿ ಮಾಡಿಸಿಕೊಳ್ಳುವವರು. ಎಂಎಸ್ ಓದಲು ಹೊರಟ ಹುಡುಗರು ಬುದ್ಧಿಹಲ್ಲನ್ನು ವೀಸಾ ಸಂದರ್ಶನದ ಸುತ್ತಮುತ್ತ ಕೀಳಿಸಿಕೊಳ್ಳುತ್ತಾರೆ. ಮಗಳ ಬಾಣಂತನಕ್ಕೆ ಆರು ತಿಂಗಳು ಹೊರಟ ತಾಯಿಯನ್ನು ಅಳಿಯನೇ ಫೋನಿನಲ್ಲಿ "ಅತ್ತೆ, ಹಲ್ಲು ಒಂದ್ಸಲ ತೋರಿಸಿಬಿಡಿ, ಇಲ್ಲಿ ತುಂಬ ಕಷ್ಟ" ಎಂದು ಎಚ್ಚರಿಸುತ್ತಾನೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ಸ್ವಲ್ಪ ತಿರುಗಿಕೊಂಡಿದೆ: ಕಡಲೆ ಒಂದು ದೇಶದಲ್ಲಿ, ಹಲ್ಲಿನ ಡಾಕ್ಟರು ಇನ್ನೊಂದರಲ್ಲಿ. ಇಂಥವರಿಗೆ ಪ್ರಯಾಣಕ್ಕೆ ಎರಡು ಮೂರು ತಿಂಗಳು ಮುಂಚೆ ಶುರುಮಾಡುವುದು ಕ್ಷೇಮ, ಏಕೆಂದರೆ ಹೊಸ ಕ್ಯಾಪಿನ ಎತ್ತರ ತಗ್ಗು ಕೆಲವು ವಾರ ಮುದ್ದೆ, ಚಕ್ಕುಲಿ, ಕೋಡುಬಳೆ ತಿಂದ ಮೇಲೆಯೇ ಗೊತ್ತಾಗುವುದು. ಹಲ್ಲುಸೆಟ್ಟು ಹೊಸದಾಗಿ ಕಟ್ಟಿಸಿದ್ದರಂತೂ ವಸಡಿಗೆ ಒತ್ತುವ ಜಾಗಗಳನ್ನು ನಾಲ್ಕೈದು ಸಲ ಉಜ್ಜಿಸಬೇಕಾಗುತ್ತದೆ. ಹಳೆಯ ಸೆಟ್ಟು ಸವೆದಿದ್ದರೂ ಎಸೆಯದೆ ಕೈಚೀಲದಲ್ಲಿಟ್ಟುಕೊಂಡು ಹೋಗುತ್ತಾರೆ, ಹೊಸದು ಅಟ್ಲಾಂಟಾದಲ್ಲಿ ಕೈಕೊಟ್ಟರೆ ಊರಿಗೆ ಮರಳುವವರೆಗೆ ದಿನ ದೂಡಲು.